ಪ್ರಾಸ್ಟೇಟ್ ಕ್ಯಾನ್ಸರ್: ಪೆಟ್ ಸ್ಕ್ಯಾನ್ ಆದ ಮೇಲೂ ಮತ್ತೆ ಸಿಟಿ, ಮತ್ತೆ ಎಂಆರ್‌ಐ ಏಕೆ?

ಪ್ರಶ್ನೆ: ನನ್ನ ತಂದೆಗೆ 69 ವರ್ಷ, ಊರು ಕಾರ್ಕಳದ ಹತ್ತಿರ. ಪ್ರಾಸ್ಟೇಟಿಗೆಂದು ಮಾಡುವ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 14 ಇತ್ತು. ಎಂಆರ್‌ಐ ಮಾಡಿಸಿದೆವು, ಆಮೇಲೆ ಬಯಾಪ್ಸಿ ಆಯಿತು, ಗ್ಲೀಸನ್ (ಕ್ಯಾನ್ಸರಿನ ತೀವ್ರತೆಯ ಅಂಕ) 4+3 ಎಂದು ವರದಿ ಬಂತು. ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿಯಿಂದ ಹೊರಗೆ ಎಲ್ಲಿಯೂ ಹರಡಿಲ್ಲ ಎಂದಿದ್ದಾರೆ. ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಾಯಿತು. ಈಗ ಮಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುವ ಮೊದಲು ಪ್ಲಾನಿಂಗ್ ಸಿಟಿ ಮಾಡಬೇಕು, ಜೊತೆಗೆ ಇನ್ನೊಂದು ಎಂಆರ್‌ಐ ಬೇಕು ಎನ್ನುತ್ತಿದ್ದಾರೆ. ಖರ್ಚು ಒಂದು ಕಡೆ, ತಂದೆಗೂ ಸಾಕಾಗಿ ಹೋಗಿದೆ. ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಸ್ಕ್ಯಾನ್ ಯಾವುದು? ಹಳೆಯ ಸಿಡಿಗಳಿಂದಲೇ ಪ್ಲಾನ್ ಮಾಡಲು ಬರುವುದಿಲ್ಲವೇ?

ಉತ್ತರ: ಪ್ಲಾನಿಂಗ್ ಸಿಟಿ ತಪ್ಪಿಸಲು ಬರುವುದಿಲ್ಲ. ಎರಡನೆಯ ಎಂಆರ್‌ಐಯನ್ನು ತಪ್ಪಿಸಬಹುದು, ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ತಪ್ಪಿಸದಿರುವುದೇ ಒಳ್ಳೆಯದು. ಹಳೆಯ ಸಿಡಿಗಳನ್ನು ಮಾತ್ರ ದಯವಿಟ್ಟು ಜೋಪಾನವಾಗಿಡಿ, ಅವುಗಳಿಗೂ ಕೆಲಸ ಇದೆ. ಈ ಸ್ಕ್ಯಾನ್‌ಗಳು ಒಂದಕ್ಕೊಂದು ಬದಲಿಯಲ್ಲ. ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಎಂದು ಪೆಟ್ ಹೇಳುತ್ತದೆ, ಗ್ರಂಥಿಯ ಗಡಿ ಎಲ್ಲಿದೆ ಎಂದು ಎಂಆರ್‌ಐ ತೋರಿಸುತ್ತದೆ, ವಿಕಿರಣ ದೇಹದೊಳಗೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕಕ್ಕೆ ಸಿಟಿ ಬೇಕು. ಇದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಸ್ಕ್ಯಾನ್ ಎಷ್ಟೇ ಒಳ್ಳೆಯದಿರಲಿ, ಅದನ್ನು ತೆಗೆಯುವಾಗ ದೇಹ ಇದ್ದ ಸ್ಥಿತಿಯೂ ಚಿಕಿತ್ಸೆಯ ದಿನ ದೇಹ ಇರುವ ಸ್ಥಿತಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಆ ಸ್ಕ್ಯಾನ್ ರೋಗ ಪತ್ತೆಗೆ ಉಪಯೋಗವಾದೀತು, ಪ್ಲಾನಿಂಗ್‌ಗೆ ಆಗುವುದಿಲ್ಲ.

ಪ್ಲಾನಿಂಗ್ ಸಿಟಿಯಿಂದ ಶುರು ಮಾಡೋಣ. ಸಿಟಿ ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಹೌನ್ಸ್‌ಫೀಲ್ಡ್ ಸಂಖ್ಯೆ ಎನ್ನುತ್ತಾರೆ. ನೀರಿಗೆ 0, ಗಾಳಿಗೆ -1000, ಕೊಬ್ಬಿಗೆ -100ರ ಆಸುಪಾಸು, ಗಟ್ಟಿ ಎಲುಬಿಗೆ ಕೆಲವು ನೂರರಿಂದ ಸಾವಿರದ ಮೇಲೆ. ಕಿರಣ ಸೊಂಟದ ಎಲುಬು, ಮಾಂಸ, ಕೊಬ್ಬು ದಾಟಿ ಒಳಗೆ ಹೋಗುವಾಗ ಎಲ್ಲೆಲ್ಲಿ ಎಷ್ಟು ಕುಂದುತ್ತದೆ ಎಂಬುದನ್ನು ಪ್ಲಾನಿಂಗ್ ಕಂಪ್ಯೂಟರ್ ಈ ಸಂಖ್ಯೆಗಳಿಂದಲೇ ಲೆಕ್ಕ ಹಾಕುತ್ತದೆ. ಎಂಆರ್‌ಐಯಲ್ಲಿ ಈ ಸಂಖ್ಯೆ ಇಲ್ಲ. ಅಲ್ಲಿ ಕಾಣುವ ಬಿಳುಪು ಕಪ್ಪು ಅಂಗಾಂಶದಲ್ಲಿರುವ ಹೈಡ್ರೋಜನ್ನಿನ ವರ್ತನೆಯಿಂದ ಬರುವುದು. ಎಂಆರ್‌ಐಯಿಂದಲೇ ಸಿಟಿಯಂಥ ಚಿತ್ರವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಸಿಟಿಯನ್ನೇ ಬಿಟ್ಟುಬಿಡುವ ಪದ್ಧತಿ ಜಗತ್ತಿನ ಕೆಲವು ಕೇಂದ್ರಗಳಲ್ಲಿದೆ. ಅದಕ್ಕೆ ಬೇರೆ ತಂತ್ರಾಂಶ, ಬೇರೆ ಪರೀಕ್ಷಾ ವ್ಯವಸ್ಥೆ ಬೇಕು. ನಿಮ್ಮ ಆಸ್ಪತ್ರೆಯವರು ಸಿಟಿ ಕೇಳಿದ್ದಾರೆ ಎಂದ ಮೇಲೆ ಅವರ ಇಡೀ ಸರಪಳಿ ಸಿಟಿಯ ಮೇಲೆ ನಿಂತಿದೆ ಎಂದೇ ಅರ್ಥ.

ಪೆಟ್ ಸ್ಕ್ಯಾನ್‌ನ ಜೊತೆಗೇ ಒಂದು ಸಿಟಿ ಆಗಿರುತ್ತದಲ್ಲ, ಅದು ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು. ಪೆಟ್‌ನ ಸಿಟಿಯನ್ನು ಹೆಚ್ಚಾಗಿ ಕಡಿಮೆ ಡೋಸಿನಲ್ಲಿ ತೆಗೆಯುತ್ತಾರೆ, ಚಿತ್ರದಲ್ಲಿ ಕಾಳುಕಾಳು ಜಾಸ್ತಿ. ಮಲಗಿಸುವ ಹಲಗೆ ಸಾಮಾನ್ಯವಾಗಿ ತೊಟ್ಟಿಲಿನಂತೆ ಬಾಗಿರುತ್ತದೆ, ಕಿರಣ ಕೊಡುವ ಲಿನಾಕ್ ಯಂತ್ರದ ಹಲಗೆ ಚಪ್ಪಟೆ. ಬಾಗಿದ ಹಲಗೆಯಲ್ಲಿ ಸೊಂಟದ ಆಕಾರ, ಚರ್ಮದ ಹೊರಗೆರೆ ಎರಡೂ ಬದಲಾಗುತ್ತವೆ. ಪೆಟ್‌ಗೆ ಮೊದಲು ಮೂತ್ರ ಮಾಡಿ ಬನ್ನಿ ಎನ್ನುತ್ತಾರೆ, ಪ್ಲಾನಿಂಗ್‌ಗೆ ಮೂತ್ರ ತುಂಬಿಸಿಕೊಂಡು ಬನ್ನಿ ಎನ್ನುತ್ತಾರೆ. ಮೊಣಕಾಲಿನ ಕೆಳಗೆ ಆಧಾರ, ಪಾದ ಅಲುಗದಂತೆ ಹಿಡಿ, ಚರ್ಮದ ಮೇಲೆ ಮೂರು ಚುಕ್ಕೆ ಗುರುತು, ಇವು ಯಾವುವೂ ಪೆಟ್ ಕೋಣೆಯಲ್ಲಿ ಇರಲಿಲ್ಲ. ಪ್ಲಾನಿಂಗ್ ಸಿಟಿಯಲ್ಲಿ 2ರಿಂದ 3 ಮಿಲಿಮೀಟರ್ ದಪ್ಪದ ಪದರಗಳನ್ನು ತೆಗೆಯುತ್ತಾರೆ. ಗ್ರಂಥಿಗಷ್ಟೇ ಚಿಕಿತ್ಸೆಯಾದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಹಾಕುವ ಔಷಧ) ಬೇಕಾಗುವುದಿಲ್ಲ. ಸೊಂಟದ ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ಕೊಡುವುದಿದ್ದರೆ ಕೆಲವು ಕಡೆ ಹಾಕುತ್ತಾರೆ, ಆಗ ಮೂತ್ರಪಿಂಡದ ಕ್ರಿಯಾಟಿನಿನ್ ವರದಿ ಕೇಳುತ್ತಾರೆ. ಸ್ಕ್ಯಾನ್ ಆಗುವುದು ಕೆಲವೇ ನಿಮಿಷ, ಅದರ ವಿಕಿರಣ ಮುಂದೆ ಕೊಡುವ ಚಿಕಿತ್ಸೆಯ ಎದುರು ಲೆಕ್ಕಕ್ಕಿಲ್ಲದಷ್ಟು. ಆ ವಿಷಯದಲ್ಲಿ ಹೆದರಬೇಕಿಲ್ಲ.

ಸಿಟಿಯ ದೌರ್ಬಲ್ಯ ಬೇರೆ ಕಡೆ ಇದೆ. ಪ್ರಾಸ್ಟೇಟ್, ಅದರ ಸುತ್ತಲಿನ ಸ್ನಾಯು, ರಕ್ತನಾಳಗಳ ಗೊಂಚಲು, ಮೂತ್ರಕೋಶದ ಕತ್ತು ಎಲ್ಲವೂ ಸಿಟಿಯಲ್ಲಿ ಒಂದೇ ಬೂದು ಬಣ್ಣ. ಹಾಗಾಗಿ ಕಿರಣ ಕೊಡಬೇಕಾದ ಜಾಗದ ಸುತ್ತ ಗೆರೆ ಎಳೆಯುವ ವೈದ್ಯರು ಅನುಮಾನ ಬಂದಲ್ಲಿ ಸ್ವಲ್ಪ ಹೊರಗೇ ಎಳೆಯುತ್ತಾರೆ. ಒಂದೇ ರೋಗಿಯ ಸಿಟಿ ಮತ್ತು ಎಂಆರ್‌ಐ ಎರಡರ ಮೇಲೂ ಗೆರೆ ಎಳೆಸಿ ಹೋಲಿಸಿದ 1990ರ ದಶಕದ ಅಧ್ಯಯನಗಳಿಂದ ಹಿಡಿದು ಇವತ್ತಿನವರೆಗೂ ಸಿಟಿಯಲ್ಲಿ ಎಳೆದ ಗ್ರಂಥಿಯ ಗಾತ್ರ ಸುಮಾರು 30 ಪ್ರತಿಶತ ಹೆಚ್ಚು ಬರುತ್ತದೆ ಎಂಬುದು ಮತ್ತೆ ಮತ್ತೆ ಕಂಡಿದೆ.

ಈ 30 ಪ್ರತಿಶತವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗ್ರಂಥಿಯನ್ನು 4.2 ಸೆಂಟಿಮೀಟರ್ ವ್ಯಾಸದ ಗೋಲ ಎಂದುಕೊಳ್ಳಿ, ಗಾತ್ರ ಸುಮಾರು 39 ಸಿಸಿ ಆಗುತ್ತದೆ. 30 ಪ್ರತಿಶತ ಹೆಚ್ಚಾದರೆ ಸುಮಾರು 50 ಸಿಸಿ. ಆದರೆ ಅಷ್ಟು ಹೆಚ್ಚಾಗಲು ಗೆರೆ ಸುತ್ತಲೂ ಹೊರಗೆ ಸರಿಯಬೇಕಾದದ್ದು 2 ಮಿಲಿಮೀಟರಿಗೂ ಒಂದು ಕೂದಲು ಕಡಿಮೆ. ಇದರ ಸುತ್ತ ದಿನದಿನದ ಅಲುಗಾಟಕ್ಕೆಂದು 7 ಮಿಲಿಮೀಟರ್ ಮಾರ್ಜಿನ್ ಸೇರಿಸಿದರೆ ಮೊದಲನೆಯದು 92 ಸಿಸಿ, ಎರಡನೆಯದು 112 ಸಿಸಿ. ಅಂದರೆ 20 ಸಿಸಿ ಆರೋಗ್ಯವಂತ ಅಂಗಾಂಶ ಪೂರ್ಣ ಡೋಸಿನ ಒಳಗೆ ಸುಮ್ಮನೆ ಬಂದು ಸೇರುತ್ತದೆ. ಅದರಲ್ಲಿ ಒಂದು ಪಾಲು ಗುದನಾಳದ ಮುಂಗೋಡೆ, ಇನ್ನೊಂದು ಪಾಲು ಮೂತ್ರಕೋಶದ ತಳ. ಚಿಕಿತ್ಸೆ ಮುಗಿದು ವರ್ಷದ ಮೇಲೆ ಮಲದಲ್ಲಿ ರಕ್ತ ಕಾಣಿಸುವ ತೊಂದರೆ ಹುಟ್ಟುವುದು ಆ ಮುಂಗೋಡೆಯಲ್ಲಿ.

ನಿಜವಾದ ಗ್ರಂಥಿ ಗೋಲವಲ್ಲ, ತಪ್ಪೂ ಸುತ್ತಲೂ ಸಮನಾಗಿ ಹರಡಿರುವುದಿಲ್ಲ. ಮಧ್ಯಭಾಗದಲ್ಲಿ ಸಿಟಿ, ಎಂಆರ್‌ಐ ಎರಡೂ ಹೆಚ್ಚುಕಡಿಮೆ ಒಪ್ಪುತ್ತವೆ. ಎಡವಟ್ಟಾಗುವುದು ಎರಡು ತುದಿಗಳಲ್ಲಿ. ಕೆಳತುದಿಯಲ್ಲಿ ಗ್ರಂಥಿ ಮುಗಿದು ಮೂತ್ರನಾಳದ ಸುತ್ತಲಿನ ಸ್ನಾಯು ಶುರುವಾಗುವ ಜಾಗ ಸಿಟಿಯಲ್ಲಿ ಗೊತ್ತಾಗುವುದೇ ಇಲ್ಲ. ಶಿಶ್ನದ ಬುಡದ ಉಬ್ಬನ್ನು ಗುರುತಿಸಿ ಅದರಿಂದ 1ರಿಂದ 1.5 ಸೆಂಟಿಮೀಟರ್ ಮೇಲೆ ಗ್ರಂಥಿಯ ತುದಿ ಎಂದು ಅಂದಾಜು ಮಾಡುತ್ತಾರೆ. ಒಬ್ಬೊಬ್ಬರಲ್ಲಿ ಈ ಅಂತರ ಬೇರೆ. ಮೇಲ್ತುದಿಯಲ್ಲಿ ಗ್ರಂಥಿಯ ಮಧ್ಯದ ಹಾಲೆ ಮೂತ್ರಕೋಶದೊಳಕ್ಕೆ ಉಬ್ಬಿಕೊಂಡಿದ್ದರೆ ಅದನ್ನು ಮೂತ್ರಕೋಶದ ಗೋಡೆಯೆಂದು ಬಿಟ್ಟುಬಿಡುವ ಸಾಧ್ಯತೆಯಿದೆ. ಸಿಟಿಯಲ್ಲಿ ಹೆಚ್ಚು ಎಳೆಯುವುದಷ್ಟೇ ಅಲ್ಲ, ಬೇಕಾದ ಕಡೆ ಕಡಿಮೆ ಎಳೆಯುವುದೂ ಆಗುತ್ತದೆ ಎಂಬುದು ಇಲ್ಲಿನ ಅಪಾಯ. ಹೆಚ್ಚು ಎಳೆದರೆ ಅಡ್ಡಪರಿಣಾಮ, ಕಡಿಮೆ ಎಳೆದರೆ ರೋಗ ಉಳಿಯುತ್ತದೆ.

ಎಂಆರ್‌ಐ ಬೆಲೆ ಬಾಳುವುದು ಈ ಎರಡು ತುದಿಗಳಿಗಾಗಿ. ಟಿ2 ಎಂಬ ಸರಣಿಯಲ್ಲಿ ಗ್ರಂಥಿಯ ಹೊರವಲಯ ಬಿಳಿಯಾಗಿ, ಅದರ ಕವಚ ತೆಳ್ಳನೆಯ ಕಪ್ಪು ಗೆರೆಯಾಗಿ, ವೀರ್ಯಚೀಲಗಳು ದ್ರವ ತುಂಬಿದ ಚಿಕ್ಕ ಚಿಕ್ಕ ಚೀಲಗಳಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಕೆಳತುದಿಯನ್ನು ಉದ್ದಸೀಳಿನ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ನಿಮಿರುವಿಕೆಗೆ ಬೇಕಾದ ನರಗಳ ಗೊಂಚಲು, ಗುದನಾಳದ ಮುಂಗೋಡೆ, ಗ್ರಂಥಿ ಮತ್ತು ಗುದನಾಳದ ನಡುವೆ ಜೆಲ್ ಸ್ಪೇಸರ್ ಹಾಕಿದ್ದರೆ ಆ ಜೆಲ್, ಎಲ್ಲಕ್ಕೂ ಎಂಆರ್‌ಐಯೇ ಕಣ್ಣು. ಮಾಮೂಲಿ ಜೆಲ್ ಸಿಟಿಯಲ್ಲಿ ಸರಿಯಾಗಿ ಕಾಣಿಸುವುದೇ ಇಲ್ಲ, ಹಾಗಾಗಿ ಸ್ಪೇಸರ್ ಹಾಕಿದ ಮೇಲೆ ಎಂಆರ್‌ಐ ಬಿಡುವ ಪ್ರಶ್ನೆಯೇ ಬರಬಾರದು.

ಹಾಗಾದರೆ ಬಯಾಪ್ಸಿಗೆ ಮೊದಲು ಮಾಡಿಸಿದ ಎಂಆರ್‌ಐ ಇದೆಯಲ್ಲ? ಅದು ರೋಗ ಹುಡುಕಲು ತೆಗೆದದ್ದು. ಗ್ರಂಥಿಯಷ್ಟನ್ನೇ ದೊಡ್ಡದಾಗಿ ತೋರಿಸಲು ಚಿತ್ರದ ಚೌಕಟ್ಟನ್ನು 12ರಿಂದ 20 ಸೆಂಟಿಮೀಟರಿಗೆ ಕುಗ್ಗಿಸಿರುತ್ತಾರೆ, ಸೊಂಟದ ಎಲುಬುಗಳು ಪೂರ್ತಿ ಒಳಗೆ ಬಂದಿರುವುದಿಲ್ಲ. ಪದರಗಳನ್ನು ಗ್ರಂಥಿಯ ಓರೆಗೆ ಹೊಂದಿಸಿ ವಾಲಿಸಿ ತೆಗೆದಿರುತ್ತಾರೆ, ಕೆಲವು ಕಡೆ ಪದರ ಪದರದ ನಡುವೆ ಸಂದು ಬಿಟ್ಟಿರುತ್ತಾರೆ. ಪ್ಲಾನಿಂಗ್‌ಗೆ ಬೇಕಾದದ್ದು ಸಿಟಿಗೆ ಸಮಾನಾಂತರವಾದ ನೇರ ಅಡ್ಡ ಪದರ, 3 ಮಿಲಿಮೀಟರ್ ದಪ್ಪ ಅಥವಾ ಅದಕ್ಕಿಂತ ತೆಳು, ನಡುವೆ ಸಂದಿಲ್ಲದೆ, ಮೂತ್ರಕೋಶದಿಂದ ಶಿಶ್ನದ ಬುಡದವರೆಗೆ.

ನಿಮ್ಮ ತಂದೆಯವರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕಾರಣ ಹಾರ್ಮೋನ್ ಇಂಜೆಕ್ಷನ್. ಅದು ಶುರುವಾದ ಮೂರು ತಿಂಗಳಲ್ಲಿ ಗ್ರಂಥಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಇಂಜೆಕ್ಷನ್‌ಗೆ ಮೊದಲಿನ ಎಂಆರ್‌ಐಯ ಗೆರೆಯನ್ನು ಈಗಿನ ಸಿಟಿಯ ಮೇಲೆ ಕೂರಿಸಿದರೆ ಇಲ್ಲದ ಗ್ರಂಥಿಗೆ ಕಿರಣ ಕೊಟ್ಟಂತಾಗುತ್ತದೆ, ಹೆಚ್ಚಿದ ಭಾಗವೆಲ್ಲ ಗುದನಾಳಕ್ಕೂ ಮೂತ್ರಕೋಶಕ್ಕೂ ಹೋಗುತ್ತದೆ. ಆದ್ದರಿಂದ ಈಗಿನ ಗಡಿಗೆ ಹೊಸ ಎಂಆರ್‌ಐ ಬೇಕು.

ಆದರೆ ಹಳೆಯದು ಬೇಡವೆಂದಲ್ಲ. ಹಾರ್ಮೋನ್‌ನಿಂದ ಗ್ರಂಥಿಯ ಹೊರವಲಯವೂ ಕಪ್ಪಾಗುತ್ತದೆ, ಗಡ್ಡೆ ಮತ್ತು ಸಹಜ ಅಂಗಾಂಶದ ವ್ಯತ್ಯಾಸ ಮಾಸಿಹೋಗುತ್ತದೆ. ಗಡ್ಡೆ ಇದ್ದದ್ದು ಎಡಕ್ಕೋ ಬಲಕ್ಕೋ, ಕವಚ ದಾಟಿತ್ತೋ, ವೀರ್ಯಚೀಲಕ್ಕೆ ತಾಗಿತ್ತೋ ಎಂಬುದನ್ನು ಹಳೆಯ ಎಂಆರ್‌ಐಯೇ ಹೇಳಬೇಕು. ಗಡಿಗೆ ಹೊಸದು, ಗಡ್ಡೆಗೆ ಹಳೆಯದು. ನಿಮ್ಮ ತಂದೆಯವರ ಎಂಆರ್‌ಐ ಬಯಾಪ್ಸಿಗೆ ಮೊದಲೇ ಆಗಿರುವುದು ಒಳ್ಳೆಯದಾಯಿತು. ಬಯಾಪ್ಸಿ ಆದ ಮೇಲೆ ಗ್ರಂಥಿಯೊಳಗೆ ರಕ್ತ ನಿಂತು ಗಡ್ಡೆಯಂತೆಯೇ ಕಪ್ಪಾಗಿ ಕಾಣುತ್ತದೆ. ಹಾಗೆ ಆದವರಿಗೆ 6ರಿಂದ 8 ವಾರ ಕಾಯಲು ಹೇಳುತ್ತಾರೆ.

ಈಗ ಸಿಟಿ, ಎಂಆರ್‌ಐ ಎರಡನ್ನೂ ಒಂದರ ಮೇಲೊಂದು ಕೂರಿಸುವ ಕೆಲಸ, ಫ್ಯೂಷನ್. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ಲಾನಿಂಗ್‌ನಲ್ಲಿ ಅತಿ ಹೆಚ್ಚು ತಪ್ಪು ನುಸುಳುವ ಹಂತ ಇದು. ಗುಂಡಿ ಒತ್ತಿದರೆ ಕಂಪ್ಯೂಟರ್ ಸೊಂಟದ ಎಲುಬುಗಳನ್ನು ಹಿಡಿದು ಎರಡು ಚಿತ್ರಗಳನ್ನು ಚೆಂದವಾಗಿ ಹೊಂದಿಸಿ ಕೊಡುತ್ತದೆ. ಎಲುಬು ಸರಿಯಾಗಿ ಕೂತಿರುತ್ತದೆ, ಪ್ರಾಸ್ಟೇಟ್ ಕೂತಿರುವುದಿಲ್ಲ. ಏಕೆಂದರೆ ಪ್ರಾಸ್ಟೇಟ್ ಎಲುಬಿಗೆ ಬಿಗಿದುಕೊಂಡಿಲ್ಲ. ಹಿಂದಿರುವ ಗುದನಾಳದಲ್ಲಿ ಗಾಳಿ ಸೇರಿದರೆ ಅದು 5 ಮಿಲಿಮೀಟರಿಗೂ ಹೆಚ್ಚು ಮುಂದಕ್ಕೆ ತಳ್ಳಲ್ಪಡಬಹುದು. ಗೆರೆಯಲ್ಲಿ 2 ಮಿಲಿಮೀಟರ್ ಉಳಿಸಲೆಂದು ಎಂಆರ್‌ಐ ಮಾಡಿಸಿ, ಫ್ಯೂಷನ್‌ನಲ್ಲಿ 5 ಮಿಲಿಮೀಟರ್ ತಪ್ಪು ಮಾಡಿದರೆ ಎಂಆರ್‌ಐ ಇಲ್ಲದಿದ್ದದ್ದೇ ಒಳ್ಳೆಯದು ಎನ್ನುವ ಸ್ಥಿತಿ. ಎಲುಬಿನಿಂದ ಶುರು ಮಾಡಿ, ಆಮೇಲೆ ಚೌಕಟ್ಟನ್ನು ಗ್ರಂಥಿಯ ಸುತ್ತ ಮಾತ್ರ ಕುಗ್ಗಿಸಿ ಮತ್ತೆ ಹೊಂದಿಸಬೇಕು. ಕೊನೆಗೆ ಅಡ್ಡ, ಉದ್ದ, ಎದುರು ಮೂರೂ ಸೀಳಿನಲ್ಲಿ ವೈದ್ಯರು ಕಣ್ಣಾರೆ ನೋಡಿ ಒಪ್ಪಬೇಕು. ಗ್ರಂಥಿ ಮತ್ತು ಗುದನಾಳ ಕೂಡುವ ಗೆರೆ ಎರಡೂ ಚಿತ್ರದಲ್ಲಿ ಒಂದೇ ಕಡೆ ಬರುತ್ತಿಲ್ಲವೆಂದರೆ ಆ ಫ್ಯೂಷನ್ ಬಿಡಬೇಕು.

ಗ್ರಂಥಿಯ ಜಾಗ ಗುರುತಿಸಲು ಚಿನ್ನದ ಬೀಜಗಳನ್ನು ಹಾಕಿದ್ದರೆ ಈ ಕೆಲಸ ಸುಲಭ. ಸುಮಾರು 1 ಮಿಲಿಮೀಟರ್ ದಪ್ಪ, 3 ಮಿಲಿಮೀಟರ್ ಉದ್ದದ ಮೂರು ಬೀಜಗಳನ್ನು ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಗ್ರಂಥಿಯೊಳಗೆ ಇಡುತ್ತಾರೆ. ಬಾವು ಇಳಿದು ಬೀಜಗಳು ನೆಲೆ ನಿಲ್ಲಲು ಒಂದು ವಾರದಷ್ಟು ಬಿಟ್ಟು ಸಿಟಿ ತೆಗೆಯುತ್ತಾರೆ. ಸಿಟಿಯಲ್ಲಿ ಅವು ಹೊಳೆಯುತ್ತವೆ. ಎಂಆರ್‌ಐಯ ಟಿ2 ಸರಣಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆಂದೇ ಗ್ರೇಡಿಯೆಂಟ್ ಎಕೋ ಎಂಬ ಇನ್ನೊಂದು ಸರಣಿ ಸೇರಿಸಬೇಕು, ಅದರಲ್ಲಿ ಬೀಜಗಳು ಕಪ್ಪು ತೂತಿನಂತೆ ಕಾಣುತ್ತವೆ. ಗ್ರಂಥಿಯೊಳಗಿನ ಸುಣ್ಣದ ಕಲೆಗಳೂ ಅದರಲ್ಲಿ ಹಾಗೆಯೇ ಕಪ್ಪಾಗಿ ಕಾಣುವುದರಿಂದ ಸಿಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಗುರುತಿಸಬೇಕು. ಎಂಆರ್‌ಐ ಬೇರೆ ಸೆಂಟರಿನಲ್ಲಿ ಮಾಡಿಸುವುದಾದರೆ ಈ ಸರಣಿ ಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಬರೆಯದಿದ್ದರೆ ಅವರು ತೆಗೆಯುವುದಿಲ್ಲ.

ಇನ್ನು ಹೊಟ್ಟೆಯ ತಯಾರಿ. ಇದು ಪೂರ್ತಿ ನಿಮ್ಮ ಕೈಯಲ್ಲಿರುವ ವಿಷಯ, ಹಾಗೆಯೇ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ವಿಷಯ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರ 2005ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ, 78 ಗ್ರೇ (ವಿಕಿರಣದ ಡೋಸಿನ ಅಳತೆ) ಪಡೆದ 127 ರೋಗಿಗಳ ಪ್ಲಾನಿಂಗ್ ಸಿಟಿಗಳನ್ನು ಮತ್ತೆ ನೋಡಿದರು. ಆ ಒಂದು ದಿನ ಗುದನಾಳ ಉಬ್ಬಿಕೊಂಡಿದ್ದವರಲ್ಲಿ, ಅಂದರೆ ಅಡ್ಡಸೀಳಿನ ಸರಾಸರಿ ವಿಸ್ತೀರ್ಣ 11.2 ಚದರ ಸೆಂಟಿಮೀಟರಿಗಿಂತ ಹೆಚ್ಚಿದ್ದವರಲ್ಲಿ, ಪಿಎಸ್‌ಎ ಮತ್ತೆ ಏರುವುದು, ಅಂದರೆ ರೋಗ ಮರುಕಳಿಸಿದ ಸೂಚನೆ, ಗಮನಾರ್ಹವಾಗಿ ಹೆಚ್ಚಿತ್ತು. ಉಬ್ಬಿದ ಗುದನಾಳ ಗ್ರಂಥಿಯನ್ನು ಮುಂದಕ್ಕೆ ತಳ್ಳಿದ ಸ್ಥಿತಿಯಲ್ಲಿ ಪ್ಲಾನ್ ಆಯಿತು. ಚಿಕಿತ್ಸೆಯ ದಿನಗಳಲ್ಲಿ ಗುದನಾಳ ಖಾಲಿಯಾಗಿ ಗ್ರಂಥಿ ಹಿಂದಕ್ಕೆ ಬಂತು, ಕಿರಣ ಮುಂದೆ ಬಿತ್ತು. ಆ ಕಾಲದಲ್ಲಿ ದಿನದಿನವೂ ಗ್ರಂಥಿಯನ್ನೇ ನೋಡಿ ಹೊಂದಿಸುವ ಪದ್ಧತಿ ಅವರಲ್ಲಿ ಇರಲಿಲ್ಲ. ಈಗ ಇದೆ, ಆದರೂ ಮೂಲದ ಚಿತ್ರವೇ ವಕ್ರವಾಗಿದ್ದರೆ ದಿನದ ಹೊಂದಾಣಿಕೆ ಎಲ್ಲವನ್ನೂ ಸರಿಮಾಡಲಾರದು. 11.2 ಚದರ ಸೆಂಟಿಮೀಟರ್ ಎಂದರೆ ವ್ಯಾಸ 3.8 ಸೆಂಟಿಮೀಟರಿನ ಹತ್ತಿರ. ಪ್ಲಾನಿಂಗ್ ಸಿಟಿಯಲ್ಲಿ ಗುದನಾಳ 4 ಸೆಂಟಿಮೀಟರಿಗಿಂತ ಅಗಲ ಕಂಡರೆ ಎಬ್ಬಿಸಿ, ಗಾಳಿ ಮಲ ಹೋದ ಮೇಲೆ ಮತ್ತೆ ಸ್ಕ್ಯಾನ್ ಮಾಡುವ ರೂಢಿ ಅನೇಕ ಕಡೆ ಇದೆ. ಹಾಗೆ ಎಬ್ಬಿಸಿದರೆ ಬೇಸರಪಡಬೇಡಿ. ಅವರು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ.

ಸಿಟಿಗೆ ಎರಡು ಮೂರು ದಿನ ಮೊದಲಿನಿಂದ ಗಾಳಿ ತುಂಬಿಸುವ ಊಟ ಕಡಿಮೆ ಮಾಡಿಸಿ. ನಮ್ಮ ಕಡೆ ಅಂದರೆ ಕಡ್ಲೆ ಗಸಿ, ಹುರುಳಿ ಸಾರು, ಹಲಸಿನ ಬೀಜ, ಹಲಸಿನ ಕಾಯಿ ಪಲ್ಯ, ಕ್ಯಾಬೇಜ್. ಗಂಜಿ, ಮೀನು, ಸೌತೆ, ಸೋರೆ ತೊಂದರೆಯಿಲ್ಲ. ಮಲಬದ್ಧತೆ ಇದ್ದರೆ ಮುಂಚೆಯೇ ಹೇಳಿ, ಹಿಂದಿನ ರಾತ್ರಿಗೆ ಮಾತ್ರೆಯನ್ನೋ ಬೆಳಿಗ್ಗೆಗೆ ಸಣ್ಣ ಎನಿಮಾವನ್ನೋ ಬರೆದುಕೊಡುತ್ತಾರೆ. ಇದೇ ಪಥ್ಯ ಚಿಕಿತ್ಸೆಯ ಅಷ್ಟೂ ದಿನ ನಡೆಯಬೇಕು.

ಮೂತ್ರಕೋಶದ ಲೆಕ್ಕ ಕಾರ್ಕಳದಿಂದ ಬಸ್ಸಿನಲ್ಲಿ ಬರುವವರಿಗೆ ಸ್ವಲ್ಪ ಬೇರೆ. ಮನೆಯಲ್ಲೇ ನೀರು ಕುಡಿದು ಹೊರಟರೆ ದಾರಿಯಲ್ಲೇ ಅವಸರವಾಗುತ್ತದೆ. ಆಸ್ಪತ್ರೆಗೆ ಬಂದು ಮೂತ್ರ ಮಾಡಿ ಪೂರ್ತಿ ಖಾಲಿ ಮಾಡಿ, ಆಮೇಲೆ ಗಡಿಯಾರ ನೋಡಿ 500 ಮಿಲಿಲೀಟರ್ ನೀರು ಹತ್ತು ನಿಮಿಷದೊಳಗೆ ಕುಡಿದು, ಅವರು ಹೇಳಿದಷ್ಟು ಹೊತ್ತು ಕಾಯಬೇಕು. ಸಾಮಾನ್ಯವಾಗಿ 30ರಿಂದ 60 ನಿಮಿಷ. ಚಾ, ಕಾಫಿ ಬೇಡ, ಬರಿಯ ನೀರು. ಬೆಳಿಗ್ಗೆ ತಟ್ಟೆ ತುಂಬ ಗಂಜಿ ಉಂಡು ಬಂದವರಿಗೆ ಮೂತ್ರಕೋಶ ಬೇಗ ತುಂಬುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಬೆವರಿ ಬಂದವರಿಗೆ ಎಷ್ಟು ಕುಡಿದರೂ ತುಂಬುವುದಿಲ್ಲ, ಅಂಥವರು ಹಿಂದಿನ ದಿನದಿಂದಲೇ ನೀರು ಕುಡಿಯುತ್ತಿರಬೇಕು. ಪ್ಲಾನಿಂಗ್ ದಿನ ಏನು ಉಂಡಿದ್ದರು, ಎಷ್ಟು ಹೊತ್ತಿಗೆ ಕುಡಿದರು ಎಂದು ಬರೆದಿಟ್ಟು ಚಿಕಿತ್ಸೆಯ ದಿನಗಳಲ್ಲೂ ಹಾಗೆಯೇ ಮಾಡಿ. ತಡೆಯಲಾರದಷ್ಟು ತುಂಬಿಸಿಕೊಳ್ಳುವುದು ಶೌರ್ಯವಲ್ಲ. ಪ್ಲಾನಿಂಗ್ ದಿನ 400 ಮಿಲಿಲೀಟರ್ ಹಿಡಿದವರಿಗೆ ಮೂರನೇ ವಾರದಲ್ಲಿ ಉರಿ ಶುರುವಾದಾಗ 150 ಕೂಡ ಹಿಡಿಯಲು ಆಗದೆ ಹೋಗಬಹುದು, ಆಗ ಸಣ್ಣಕರುಳು ಕಿರಣದ ಜಾಗಕ್ಕೆ ಇಳಿಯುತ್ತದೆ. ಪ್ರತಿದಿನ ಆಗುವಷ್ಟು, ಹಿತವಾದ ಮಟ್ಟವೇ ಸರಿ. ಎಂಆರ್‌ಐಯನ್ನೂ ಇದೇ ತಯಾರಿಯಲ್ಲಿ ಮಾಡಬೇಕು, ಸಾಧ್ಯವಾದರೆ ಅದೇ ದಿನ.

ಪಿಎಸ್‌ಎಂಎ ಪೆಟ್‌ಗೆ ಬರೋಣ. ಪಿಎಸ್‌ಎಂಎ ಎಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿ ಇರುವ ಒಂದು ಪ್ರೋಟೀನ್, ಅದಕ್ಕೆ ಅಂಟುವ ವಿಕಿರಣ ವಸ್ತುವಿನಿಂದ ಈ ಚಿತ್ರ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರೋಪಿಎಸ್‌ಎಂಎ ಅಧ್ಯಯನದಲ್ಲಿ ಹೆಚ್ಚು ಅಪಾಯದ ವರ್ಗದ 302 ರೋಗಿಗಳಿದ್ದರು. ದುಗ್ಧಗ್ರಂಥಿ ಮತ್ತು ದೂರದ ಹರಡುವಿಕೆಯನ್ನು ಗುರುತಿಸುವುದರಲ್ಲಿ ಪಿಎಸ್‌ಎಂಎ ಪೆಟ್ 92 ಪ್ರತಿಶತ ನಿಖರ, ಹಳೆಯ ಸಿಟಿ ಮತ್ತು ಬೋನ್ ಸ್ಕ್ಯಾನ್ ಜೋಡಿ 65 ಪ್ರತಿಶತ. ಹಾಗಾಗಿ ಯಾವ ಜಾಗಕ್ಕೆ ಕಿರಣ ಕೊಡಬೇಕು ಎಂಬ ತೀರ್ಮಾನಕ್ಕೆ ಇದಕ್ಕಿಂತ ಒಳ್ಳೆಯ ಸ್ಕ್ಯಾನ್ ಸದ್ಯಕ್ಕಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಪಾಪ್-ಆರ್‌ಟಿ ಅಧ್ಯಯನವನ್ನೂ ಇಲ್ಲಿ ಹೇಳಬೇಕು. ಹೆಚ್ಚು ಅಪಾಯದ, ಆದರೆ ದುಗ್ಧಗ್ರಂಥಿಗೆ ಹರಡದ 224 ರೋಗಿಗಳಲ್ಲಿ ಸೊಂಟದ ದುಗ್ಧಗ್ರಂಥಿಗಳಿಗೂ ಕಿರಣ ಕೊಟ್ಟವರಲ್ಲಿ ಐದು ವರ್ಷಕ್ಕೆ 95 ಪ್ರತಿಶತ ಮಂದಿಯ ಪಿಎಸ್‌ಎ ಹಿಡಿತದಲ್ಲಿತ್ತು, ಪ್ರಾಸ್ಟೇಟಿಗಷ್ಟೇ ಕೊಟ್ಟವರಲ್ಲಿ 81.2 ಪ್ರತಿಶತ. ಅವರಲ್ಲಿ ಐದರಲ್ಲಿ ನಾಲ್ಕು ಮಂದಿಗೆ ಪಿಎಸ್‌ಎಂಎ ಪೆಟ್ ಆಗಿತ್ತು. ಪೆಟ್‌ನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಸೊಂಟದಲ್ಲಿ ಏನೂ ಇಲ್ಲ ಎಂದು ಭರವಸೆ ಕೊಡಲಾಗದು ಎಂಬುದಕ್ಕೆ ಇದೊಂದು ಸಾಕ್ಷಿ. ಕೆಲವೇ ಮಿಲಿಮೀಟರಿನ ಕಣಗಳು ಪೆಟ್‌ನ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ಹೆಚ್ಚು ಅಪಾಯದ ವರ್ಗದ ಮಾತು. ಪಿಎಸ್‌ಎ 14, ಗ್ಲೀಸನ್ 4+3 ಇರುವ ನಿಮ್ಮ ತಂದೆಯವರು ಮಧ್ಯಮ ಅಪಾಯದ ವರ್ಗದಲ್ಲಿ ಸ್ವಲ್ಪ ಮೇಲಿನ ಮೆಟ್ಟಿಲಲ್ಲಿದ್ದಾರೆ. ಅವರಿಗೆ ಸೊಂಟಕ್ಕೂ ಬೇಕೋ ಬೇಡವೋ ಎಂದು ಚಿಕಿತ್ಸೆ ಕೊಡುವ ವೈದ್ಯರನ್ನು ನೇರವಾಗಿ ಕೇಳಿ.

ಗ್ರಂಥಿಯ ಗಡಿ ಎಳೆಯಲು ಮಾತ್ರ ಪೆಟ್ ಸರಿಯಾದ ಸಾಧನವಲ್ಲ. ಅದರ ಚಿತ್ರದ ಸೂಕ್ಷ್ಮತೆ 4ರಿಂದ 6 ಮಿಲಿಮೀಟರ್. ಬಣ್ಣದ ಪ್ರಮಾಣ ಏರಿಸಿದರೆ ಚುಕ್ಕೆ ದೊಡ್ಡದು, ಇಳಿಸಿದರೆ ಚಿಕ್ಕದು. ವಿಕಿರಣ ವಸ್ತುವಾಗಿ ಗ್ಯಾಲಿಯಂ-68 ಬಳಸಿದ್ದರೆ ಮೂತ್ರದಲ್ಲೂ ಅದು ಬರುವುದರಿಂದ ಮೂತ್ರಕೋಶದ ಹೊಳಪು ಗ್ರಂಥಿಯ ಮೇಲ್ತುದಿಯನ್ನು ಮುಚ್ಚುತ್ತದೆ. ಫ್ಲೋರಿನ್-18ರ ಪಿಎಸ್‌ಎಂಎ-1007 ಮೂತ್ರದಲ್ಲಿ ಕಡಿಮೆ ಬರುತ್ತದೆ, ಆದರೆ ಪಕ್ಕೆಲುಬುಗಳಲ್ಲಿ ಕ್ಯಾನ್ಸರಲ್ಲದ ಚುಕ್ಕೆಗಳನ್ನು ಹೆಚ್ಚು ತೋರಿಸುತ್ತದೆ. ಸುಮಾರು 5ರಿಂದ 10 ಪ್ರತಿಶತ ಗಡ್ಡೆಗಳು ಪಿಎಸ್‌ಎಂಎ ಪೆಟ್‌ನ ವಸ್ತುವನ್ನು ಹೀರುವುದೇ ಇಲ್ಲ. ಓದುಗರೆಲ್ಲ ಗಮನಿಸಬೇಕಾದ ಇನ್ನೊಂದು ಸಂಗತಿ: ಚೀಟಿಯಲ್ಲಿ ಬರಿಯ ‘ಪೆಟ್ ಸಿಟಿ’ ಎಂದು ಬರೆದಿದ್ದರೆ ಎಫ್‌ಡಿಜಿ ಎಂಬ ಸಕ್ಕರೆಯ ಪೆಟ್ ಆಗಿಬಿಡಬಹುದು. ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್ ಸಕ್ಕರೆಯನ್ನು ಅಷ್ಟಾಗಿ ಹೀರುವುದಿಲ್ಲ, ಆ ದುಡ್ಡು ನೀರಿಗೆ ಹಾಕಿದಂತೆ. ‘ಪಿಎಸ್‌ಎಂಎ’ ಎಂಬ ಅಕ್ಷರಗಳು ಚೀಟಿಯಲ್ಲೂ ವರದಿಯಲ್ಲೂ ಇರಬೇಕು. ಇದಕ್ಕೆ ಉಪವಾಸ ಬೇಕಿಲ್ಲ, ರಕ್ತದ ಸಕ್ಕರೆಯೂ ಅಡ್ಡಿಯಾಗುವುದಿಲ್ಲ.

ಹಳೆಯ ಎಂಆರ್‌ಐ ಮತ್ತು ಪೆಟ್ ಎರಡೂ ಸೇರಿ ಉಪಯೋಗಕ್ಕೆ ಬರುವ ಒಂದು ಜಾಗವಿದೆ. ಗ್ರಂಥಿಯೊಳಗೆ ಮುಖ್ಯ ಗಡ್ಡೆ ಇರುವ ಜಾಗಕ್ಕೆ ಮಾತ್ರ ಹೆಚ್ಚಿನ ಡೋಸ್ ಕೊಡುವುದು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಫ್ಲೇಮ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು, 571 ರೋಗಿಗಳು. ಇಡೀ ಗ್ರಂಥಿಗೆ 35 ಸಲದಲ್ಲಿ 77 ಗ್ರೇ, ಒಂದು ಗುಂಪಿಗೆ ಎಂಆರ್‌ಐಯಲ್ಲಿ ಕಂಡ ಗಡ್ಡೆಗೆ 95 ಗ್ರೇವರೆಗೆ. ಐದು ವರ್ಷಕ್ಕೆ ಪಿಎಸ್‌ಎ ಏರದೆ ಇದ್ದವರು 92 ಪ್ರತಿಶತ, ಹೆಚ್ಚುವರಿ ಡೋಸ್ ಇಲ್ಲದವರಲ್ಲಿ 85. ಗುದನಾಳ, ಮೂತ್ರಕೋಶಗಳ ಮಿತಿಯನ್ನು ಮೀರದಂತೆ ಕೊಟ್ಟದ್ದರಿಂದ ಅಡ್ಡಪರಿಣಾಮ ಹೆಚ್ಚಲಿಲ್ಲ. ಇದನ್ನು ಮಾಡಬೇಕಾದರೆ ಹಾರ್ಮೋನ್‌ಗೆ ಮೊದಲಿನ ಎಂಆರ್‌ಐ ಇರಲೇಬೇಕು. ನಿಮ್ಮ ಬಳಿ ಅದು ಇದೆ.

ಅಲ್ಟ್ರಾಸೌಂಡ್‌ನ ಮಾತು ಚಿಕ್ಕದು. ಗುದದ್ವಾರದಿಂದ ಮಾಡುವ ಅಲ್ಟ್ರಾಸೌಂಡ್ ಬ್ರೇಕಿಥೆರಪಿಗೆ, ಅಂದರೆ ಗ್ರಂಥಿಯೊಳಗೇ ಸೂಜಿ ಚುಚ್ಚಿ ವಿಕಿರಣ ಕೊಡುವ ಚಿಕಿತ್ಸೆಗೆ ಮುಖ್ಯ ಕಣ್ಣು. 5 ಮಿಲಿಮೀಟರಿಗೊಂದರಂತೆ ಚಿತ್ರ ತೆಗೆದು ಆಪರೇಷನ್ ಕೋಣೆಯಲ್ಲೇ ಪ್ಲಾನ್ ಆಗುತ್ತದೆ. ಹೊರಗಿನಿಂದ ಕೊಡುವ ಚಿಕಿತ್ಸೆಗೆ ಅದರ ಗೆರೆ ಬಳಸುವುದಿಲ್ಲ, ಪ್ರೋಬ್ ಒಳಗಿರುವಾಗ ಗ್ರಂಥಿಯೇ ಒತ್ತಿ ಆಕಾರ ಬದಲಿಸಿಕೊಂಡಿರುತ್ತದೆ. ಎಂಆರ್‌ಐಯಲ್ಲಿ ಗುದದೊಳಗೆ ಇಡುವ ಕಾಯಿಲ್ (ಸಂಕೇತ ಹಿಡಿಯುವ ಸಾಧನ) ಪ್ಲಾನಿಂಗ್‌ಗೆ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಚಿಕಿತ್ಸೆ ಶುರುವಾದ ಮೇಲೆ ಪ್ರತಿದಿನ ಲಿನಾಕ್‌ನಲ್ಲೇ ಒಂದು ಕೋನ್ ಬೀಮ್ ಸಿಟಿ ತೆಗೆದು, ಪ್ಲಾನಿಂಗ್ ಸಿಟಿಯ ಜೊತೆ ಹೋಲಿಸಿ, ಹಲಗೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತಾರೆ. ಎಲುಬು ನೋಡಿ ಸರಿಸುತ್ತಾರೋ ಗ್ರಂಥಿಯನ್ನೋ ಬೀಜವನ್ನೋ ನೋಡಿ ಸರಿಸುತ್ತಾರೋ ಎಂದು ಕೇಳಿ. ಗ್ರಂಥಿ ಅಥವಾ ಬೀಜ ಎಂದರೆ ಮಾರ್ಜಿನ್ ಕಡಿಮೆ ಇಡಬಹುದು. ಚಿಕಿತ್ಸೆಯ ಯಂತ್ರದಲ್ಲೇ ಎಂಆರ್‌ಐ ಇರುವ ವ್ಯವಸ್ಥೆಯನ್ನು ಲಾಸ್ ಏಂಜಲೀಸ್‌ನ ಮಿರಾಜ್ ಅಧ್ಯಯನದಲ್ಲಿ ಸಿಟಿ ವ್ಯವಸ್ಥೆಯ ಜೊತೆ ಹೋಲಿಸಿದರು. ಎಲ್ಲರಿಗೂ ಐದೇ ಸಲದಲ್ಲಿ 40 ಗ್ರೇ, ಮಾರ್ಜಿನ್ ಎಂಆರ್‌ಐ ಗುಂಪಿಗೆ 2 ಮಿಲಿಮೀಟರ್, ಸಿಟಿ ಗುಂಪಿಗೆ 4. ಮೊದಲ ಮೂರು ತಿಂಗಳಲ್ಲಿ ಔಷಧಿ ಬೇಕಾಗುವಷ್ಟು ಮೂತ್ರದ ತೊಂದರೆ ಎಂಆರ್‌ಐ ಗುಂಪಿನಲ್ಲಿ 24.4 ಪ್ರತಿಶತ, ಸಿಟಿ ಗುಂಪಿನಲ್ಲಿ 43.4. ಒಳ್ಳೆಯ ಫಲಿತಾಂಶ, ಆದರೆ ಅದು ಐದು ಸಲದ ಚಿಕಿತ್ಸೆಯದು. 20 ಸಲದಲ್ಲಿ 60 ಗ್ರೇ ಕೊಡುವ ಮಾಮೂಲಿ ಕ್ರಮಕ್ಕೆ ಆ ಯಂತ್ರ ಇಲ್ಲವೆಂದು ಕೊರಗಬೇಕಿಲ್ಲ.

ಸೊಂಟದ ಕೀಲು ಬದಲಾಯಿಸಿ ಲೋಹ ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು ಮೊದಲ ಭೇಟಿಯಲ್ಲೇ ಹೇಳಬೇಕು. ಲೋಹದಿಂದ ಸಿಟಿಯಲ್ಲಿ ಗೆರೆಗೆರೆ ಬರುತ್ತದೆ, ಎಂಆರ್‌ಐಯಲ್ಲಿ ಆಕಾರ ಸೊಟ್ಟಗಾಗುತ್ತದೆ, ಪೇಸ್‌ಮೇಕರ್ ಇದ್ದರೆ ಎಂಆರ್‌ಐ ಆಗುತ್ತದೋ ಇಲ್ಲವೋ ಎಂಬುದು ಅದರ ಮಾದರಿಯ ಮೇಲಿದೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಹಳೆಯ ಎಂಆರ್‌ಐ ಮತ್ತು ಪೆಟ್ ಎರಡರದ್ದೂ ಡೈಕಾಂ ಸಿಡಿ (ಕಂಪ್ಯೂಟರ್ ಓದಬಲ್ಲ ಮೂಲ ಚಿತ್ರಗಳ ಸಿಡಿ) ತೆಗೆದುಕೊಂಡು ಹೋಗಿ. ದೊಡ್ಡ ಫಿಲ್ಮ್ ಹಾಳೆಗಳಾಗಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳಾಗಲಿ ಪ್ಲಾನಿಂಗ್ ಕಂಪ್ಯೂಟರಿಗೆ ಹೋಗುವುದಿಲ್ಲ. ಸಿಡಿ ಸಿಗಲಿಲ್ಲವೆಂದರೆ ಸ್ಕ್ಯಾನ್ ಮಾಡಿದ ಕಡೆ ಕೇಳಿ, ಹಳೆಯ ದಾಖಲೆ ಅವರ ಸರ್ವರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಹೊಸ ಎಂಆರ್‌ಐಗೆ ಹಲವು ಸರಣಿಗಳ ಪೂರ್ತಿ ಮಲ್ಟಿಪ್ಯಾರಾಮೆಟ್ರಿಕ್ ಪರೀಕ್ಷೆ ಬೇಕಿಲ್ಲ, ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ನೂ ಬೇಕಿಲ್ಲ. ಪ್ಲಾನಿಂಗ್‌ಗೆಂದೇ ಟಿ2 ಸರಣಿ, ಬೀಜ ಹಾಕಿದ್ದರೆ ಗ್ರೇಡಿಯೆಂಟ್ ಎಕೋ, ಇಷ್ಟೇ ಎಂದರೆ ಸಮಯವೂ ಕಡಿಮೆ, ಅನೇಕ ಕಡೆ ದರವೂ ಕಡಿಮೆ. ಹಾಗೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ, ಒಪ್ಪಿದರೆ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿ: ಚಪ್ಪಟೆ ಹಲಗೆ, ನೇರ ಅಡ್ಡ ಪದರ, ಸಂದಿಲ್ಲದೆ 3 ಮಿಲಿಮೀಟರ್, ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬರುವವರಾದರೆ ಯಾವ ಸ್ಕ್ಯಾನ್ ಪ್ಯಾಕೇಜಿನ ಒಳಗೆ, ಯಾವುದು ಹೊರಗೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ದಿನ ನಿಗದಿಯಾಗುವ ಮೊದಲೇ ವಿಚಾರಿಸಿ.

ಸಿಟಿಯೂ ಎಂಆರ್‌ಐಯೂ ಬೇರೆ ಬೇರೆ ಕಡೆ ಆಗುವುದಾದರೆ ಎರಡರ ನಡುವೆ ಒಂದು ವಾರಕ್ಕಿಂತ ಹೆಚ್ಚು ಅಂತರ ಬೇಡ, ಹಾರ್ಮೋನ್‌ನಿಂದ ಗ್ರಂಥಿ ಇನ್ನೂ ಕುಗ್ಗುತ್ತಲೇ ಇರುತ್ತದೆ. ಮೊದಲು ಎಂಆರ್‌ಐ ಮುಗಿಸಿ, ಸಿಡಿ ಕೈಯಲ್ಲಿ ಹಿಡಿದುಕೊಂಡೇ ಸಿಟಿಗೆ ಹೋಗಿ. ಗುದನಾಳದಲ್ಲಿ ಗಾಳಿಯೋ ಮೂತ್ರಕೋಶದಲ್ಲಿ ವ್ಯತ್ಯಾಸವೋ ಕಂಡರೆ ತಂದೆಯವರು ಇನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ ಸಿಟಿಯನ್ನು ಮತ್ತೊಮ್ಮೆ ತೆಗೆಯಬಹುದು, ಕಾರ್ಕಳದಿಂದ ಇನ್ನೊಂದು ದಿನ ಬರುವ ಕೆಲಸ ತಪ್ಪುತ್ತದೆ.